ಎಣ್ಣೆ ತಲೆಯವಳು

ನನ್ನ ಕುತ್ತಿಗೆಯ ಮೇಲೆ ಮೊದಲ ಹುಳುಕಡ್ಡಿ ಎದ್ದಾಗ ನನಗೆ ಹತ್ತೊಂಬತ್ತು ವರ್ಷ. ಬಲಗಡೆ, ಕಿವಿಯ ಕೆಳಗೆ, ಎಂಟಾಣೆ ಅಗಲಕ್ಕೆ ದುಂಡಗೆ ಎದ್ದಿತ್ತು. ಅಂಚು ಕೆಂಪು, ನಡುವೆ ಬಿಳಿ ಹೊಟ್ಟು. ಬೆವರು ತಾಗಿದರೆ ಸಾಕು, ತುರಿಕೆಗೆ ಜೀವ ಹೋಗುತ್ತಿತ್ತು. ಜೂಡೋ ಆಡುವವರಿಗೆ ಇದು ಹೊಸದೇನಲ್ಲ. ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ತಲೆ ಒತ್ತಿ ನೆಲದಲ್ಲಿ ಹೊರಳಾಡುವ ಆಟ ಅದು. ಒಬ್ಬರ ಮೈಯದು ಇನ್ನೊಬ್ಬರಿಗೆ ಅಂಟದೆ ಇನ್ನೇನು. ಆದರೆ ಆ ಬೇಸಿಗೆಯಲ್ಲಿ ನಮ್ಮ ಕ್ಲಬ್ಬಿನ ಅರ್ಧಕ್ಕರ್ಧ ಹುಡುಗಿಯರ ಮೈಮೇಲೆ ಅದು ಎದ್ದಾಗ, ತಂದವಳು ನಾನೇ ಎಂದು ತೀರ್ಮಾನವಾಯಿತು. ತೀರ್ಮಾನ ಕೊಟ್ಟವರು ನಮ್ಮ ಕೋಚ್. ಸಾಕ್ಷಿ ಏನೆಂದರೆ, ನಾನು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಅಷ್ಟೇ.

ಇಷ್ಟು ವರ್ಷವಾದರೂ ಇದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಸಮಾಧಾನವಾಗಿ ಬರೆಯೋಣವೆಂದು ಹಿಂದೆ ಒಮ್ಮೆ ಕೂತಿದ್ದೆ, ಆಗಲಿಲ್ಲ. ಇರಲಿ, ಸಿಟ್ಟಿನಲ್ಲೇ ಬರೆಯುತ್ತೇನೆ.

ನಮ್ಮ ತಂದೆ ಸೇನೆಯಲ್ಲಿ ಸುಬೇದಾರ್ ಆಗಿದ್ದವರು. ನಿವೃತ್ತರಾದ ಮೇಲೆ ಗುಡಗಾಂವ್‌ನ ಒಂದು ಕಂಪನಿಯಲ್ಲಿ ಸೆಕ್ಯುರಿಟಿಯವರನ್ನು ನೋಡಿಕೊಳ್ಳುವ ಕೆಲಸ ಹಿಡಿದರು. ಹಾಗಾಗಿ ನಾವು ದೆಹಲಿ ಬಿಡಲಿಲ್ಲ; ದ್ವಾರಕಾದ ಒಂದು ಸೊಸೈಟಿಯಲ್ಲಿ ಬಾಡಿಗೆಗೆ ಇದ್ದೆವು. ಊರು ಶನಿವಾರಸಂತೆ ಕಡೆ, ಕೊಡಗಿನ ಉತ್ತರದ ತುದಿ, ಮನೆಮಾತು ಕನ್ನಡ. ದೆಹಲಿಯವರಿಗೆ ಈ ವಿವರವೆಲ್ಲ ಬೇಕಿಲ್ಲ. ಅವರಿಗೆ ಭೋಪಾಲಿನಿಂದ ಕೆಳಗಿನವರೆಲ್ಲ ಮದ್ರಾಸಿಗಳೇ.

ಕ್ಲಬ್ಬು ಇದ್ದದ್ದು ನಮ್ಮ ಪಕ್ಕದ ಸೆಕ್ಟರಿನ ಕಮ್ಯುನಿಟಿ ಹಾಲಿನ ಬೇಸ್‌ಮೆಂಟಿನಲ್ಲಿ. ಗಾಳಿ ಬರಲು ಗೋಡೆಯ ಮೇಲ್ಗಡೆ ಒಂದು ಗೇಣಗಲದ ಜಾಲರಿ, ಮೂಲೆಯಲ್ಲಿ ಗುರುಗುಟ್ಟುವ ಒಂದು ಕೂಲರ್. ನೆಲಕ್ಕೆ ಫೋಮ್ ಹಾಸಿ, ಅದರ ಮೇಲೆ ಒಂದೇ ದೊಡ್ಡ ಟಾರ್ಪಾಲು ಎಳೆದು ಬಿಗಿದಿದ್ದರು. ಆ ಟಾರ್ಪಾಲನ್ನು ಎತ್ತಿದ್ದನ್ನು ನಾನು ಅಲ್ಲಿದ್ದ ಅಷ್ಟೂ ಕಾಲದಲ್ಲಿ ನೋಡಲಿಲ್ಲ. ಪ್ರಾಕ್ಟೀಸಿಗೆ ಮುಂಚೆ ಒಬ್ಬಳು ಪೊರಕೆ ಆಡಿಸುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಒರೆಸುವುದು ಹಬ್ಬಕ್ಕೋ ಹುಣ್ಣಿಮೆಗೋ. ದ್ವಾರಕಾದಲ್ಲಿ ಆಗ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುತ್ತಿತ್ತು, ಇನ್ನು ನೆಲಕ್ಕೆಲ್ಲಿಂದ ತರುವುದು ಎಂದು ಕೋಚ್ ಸರ್ ಕೇಳುತ್ತಿದ್ದರು. ಕೇಳಿದರೆ ಸರಿಯೆನಿಸುವಂತೆ ಮಾತಾಡುವುದರಲ್ಲಿ ಅವರು ಜಾಣರು.

ಶಿಸ್ತು ಮಾತ್ರ ಭಾರಿ. ಮ್ಯಾಟಿಗೆ ತಲೆಬಾಗದೆ ಕಾಲಿಡುವಂತಿಲ್ಲ. ಸರ್ ಮುಂದೆ ಕೂರುವಂತಿಲ್ಲ, ಅವರು ಮಾತಾಡುವಾಗ ಬೆವರು ಒರೆಸಿಕೊಳ್ಳುವಂತಿಲ್ಲ. ಬೆಲ್ಟನ್ನು ತೊಳೆಯುವಂತಿಲ್ಲ. ತೊಳೆದರೆ ಅದರಲ್ಲಿ ಕೂತಿರುವ ವಿದ್ಯೆ ನೀರಿನ ಜೊತೆ ಹೋಗುತ್ತದಂತೆ. ಸರ್ ಕಟ್ಟುತ್ತಿದ್ದ ಕಪ್ಪು ಬೆಲ್ಟು ಬೆವರಿನ ಉಪ್ಪು ಕೂತು ಬಿಳಿಚಿಕೊಂಡು, ಒಣಗಿದ ಮೀನಿನಂತೆ ಸೆಟೆದಿತ್ತು. ಅದನ್ನು ಅವರು ಹೆಮ್ಮೆಯಿಂದ ಮೂಸಿ ತೋರಿಸುತ್ತಿದ್ದರು.

ಇನ್ನೊಂದು ವ್ಯವಸ್ಥೆ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ರಾಮಾಯಣ ಶುರುವಾದದ್ದು ಅಲ್ಲಿಂದ. ಜೂಡೋದಲ್ಲಿ ತಲೆಗೆ ಪಿನ್ನು, ಕ್ಲಿಪ್ಪು, ಲೋಹದ್ದು ಯಾವುದೂ ಹಾಕುವಂತಿಲ್ಲ, ಎದುರಾಳಿಗೆ ಚುಚ್ಚುತ್ತದೆ. ರಬ್ಬರ್ ಬ್ಯಾಂಡ್ ಮಾತ್ರ. ಹಿಡಿದು ಎಳೆದಾಡುವಾಗ ಅದು ಕಿತ್ತು ಎಲ್ಲೋ ಹಾರುತ್ತದೆ, ಕೂದಲು ಕಣ್ಣಿಗೆ ಬರುತ್ತದೆ, ಆಟ ನಿಲ್ಲುತ್ತದೆ. ಸರ್‌ಗೆ ಆಟ ನಿಂತರೆ ಆಗದು. ಅದಕ್ಕೆ ಮ್ಯಾಟಿನ ಅಂಚಿನಲ್ಲಿ ಸೋನ್ ಪಾಪ್ಡಿಯ ತಗಡಿನ ಡಬ್ಬಿ ಇಟ್ಟು, ಅದರ ತುಂಬ ರಬ್ಬರ್ ಬ್ಯಾಂಡ್ ಹಾಕಿದ್ದರು. ಪಕ್ಕದಲ್ಲೇ ಒಂದು ಬಾಚಣಿಗೆ. ಯಾರೂ ಎತ್ತಿಕೊಂಡು ಹೋಗದಿರಲೆಂದು ಅದಕ್ಕೆ ದಾರ ಕಟ್ಟಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದರು. ಓಡಿ ಬಂದು, ಬಾಚಿ, ಕೈಗೆ ಸಿಕ್ಕ ಬ್ಯಾಂಡ್ ಬಿಗಿದು, ಓಡಿ ಹೋಗಬೇಕು. ಸಂಜೆ ಮ್ಯಾಟಿನ ಮೇಲೆ ಬಿದ್ದ ಬ್ಯಾಂಡುಗಳನ್ನೆಲ್ಲ ಆರಿಸಿ, ಕೂದಲು ಸಿಕ್ಕಿಕೊಂಡಿದ್ದರೂ ಹಾಗೇ, ಮತ್ತೆ ಡಬ್ಬಿಗೆ ಹಾಕುತ್ತಿದ್ದರು. ನಾನು ಆ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ದೊಡ್ಡ ಬುದ್ಧಿವಂತಿಕೆಯಿಂದೇನಲ್ಲ, ಎಣ್ಣೆ ಹಚ್ಚಿದ ನನ್ನ ಕೂದಲಲ್ಲಿ ಆ ಸಣ್ಣ ಬ್ಯಾಂಡ್ ನಿಲ್ಲುತ್ತಲೇ ಇರಲಿಲ್ಲ. ಅಮ್ಮ ಹಳೆಯ ಸೀರೆಯಿಂದ ಒಂದು ಪಟ್ಟಿ ಹೊಲಿದು ಕೊಟ್ಟಿದ್ದಳು, ಜಡೆ ಸುತ್ತಿ ಕಟ್ಟಿದರೆ ಎಮ್ಮೆ ಎಳೆದರೂ ಬಿಚ್ಚುತ್ತಿರಲಿಲ್ಲ.

ನನಗೊಬ್ಬಳು ಜೋಡಿ ಇದ್ದಳು. ಇಬ್ಬರದೂ ಒಂದೇ ತೂಕ, ಹಾಗಾಗಿ ಪ್ರಾಕ್ಟೀಸಿನಲ್ಲಿ ಯಾವಾಗಲೂ ನಾವೇ ಎದುರುಬದುರು. ಗುಡಗಾಂವ್ ದಾಟಿ ಒಳಗಿದ್ದ ಹಳ್ಳಿಯ ಹುಡುಗಿ. ಜೀಪಿನ ಹಿಂದೆ ನೇತಾಡಿಕೊಂಡು, ಆಮೇಲೆ ಬಸ್ಸು ಹಿಡಿದು ಬರುತ್ತಿದ್ದಳು. ಅವಳು ತರುತ್ತಿದ್ದ ಬಾಜ್ರಾ ರೊಟ್ಟಿಗೆ ನನ್ನ ಚಿತ್ರಾನ್ನ ಅದಲುಬದಲಾಗುತ್ತಿತ್ತು. ಅವಳ ಅಪ್ಪ ಒಂದು ಮಾತು ಹೇಳಿಬಿಟ್ಟಿದ್ದ. ನ್ಯಾಷನಲ್ಸ್ ಆಡಿ, ಆ ಸರ್ಟಿಫಿಕೇಟಿನ ಮೇಲೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ನೌಕರಿ ಹಿಡಿದರೆ ಸರಿ, ಇಲ್ಲದಿದ್ದರೆ ಚಳಿಗಾಲದಲ್ಲಿ ಮದುವೆ. ಹುಡುಗನನ್ನು ನೋಡಿಯೂ ಆಗಿತ್ತು. ಅವಳಿಗೆ ಜೂಡೋ ಆಟವಾಗಿರಲಿಲ್ಲ. ಹಾಗೆ ನೋಡಿದರೆ ನನಗೂ ಆಗಿರಲಿಲ್ಲ. ಆ ವರ್ಷದ ರಾಜ್ಯ ತಂಡದ ಟ್ರಯಲ್‌ನಲ್ಲಿ ಆಯ್ಕೆಯಾಗಲೇಬೇಕೆಂದು ನಾನು ಕಾಲೇಜಿನ ಅರ್ಧ ಕ್ಲಾಸು ಕಳೆದುಕೊಂಡಿದ್ದೆ.

ಒಂದು ಸಂಜೆ ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ತೋಳು, ಕುತ್ತಿಗೆ ತೋರಿಸಿ ಎಂದರು. ಒಬ್ಬಳಿಗೆ ಮೊಣಕೈಯಲ್ಲಿ, ಒಬ್ಬಳಿಗೆ ಕೆನ್ನೆಯಲ್ಲಿ, ಇನ್ನೊಬ್ಬಳಿಗೆ ಹೆಗಲಿನಿಂದ ಎದೆಯವರೆಗೆ ಸರದ ಹಾಗೆ ಹುಳುಕಡ್ಡಿ. ನನ್ನ ಮುಂದೆ ನಿಂತು ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು, ಸತ್ತ ಇಲಿಯ ಬಾಲ ಹಿಡಿದ ಹಾಗೆ.

"ದೇಖೋ," ಎಂದರು ಎಲ್ಲರಿಗೂ ಕೇಳುವಂತೆ. "ತೇಲ್ ವಾಲಿ. ಈ ಎಣ್ಣೆಯಲ್ಲೇ ದಾದ್, ಹುಳುಕಡ್ಡಿ, ಬೆಳೆಯೋದು. ಇವಳು ಬರೋದಕ್ಕೆ ಮುಂಚೆ ನಮ್ಮಲ್ಲಿ ಯಾರಿಗಾದರೂ ಇತ್ತಾ?"

ಇತ್ತು, ಪ್ರತಿ ಬೇಸಿಗೆಯಲ್ಲೂ ಇತ್ತು. ನಾನು ಸೇರಿದಾಗಲೇ ನಮ್ಮ ಸೀನಿಯರ್ ಒಬ್ಬಳ ತೊಡೆಯ ಮೇಲೆ ನೋಡಿದ್ದೆ. ಆದರೆ ಸರ್ ಮಾತಾಡುವಾಗ ಬೆವರು ಒರೆಸಿಕೊಳ್ಳದವರು ಬಾಯಿ ಎಲ್ಲಿಂದ ತೆಗೆದಾರು.

"ಕೂದಲು ಕತ್ತರಿಸಿಕೊಂಡು ಬಾ. ಇಲ್ಲದಿದ್ದರೆ ಟ್ರಯಲ್‌ಗೆ ನಿನ್ನ ಹೆಸರು ಕಳಿಸಲ್ಲ," ಎಂದರು ನನಗೆ. ಉಳಿದವರಿಗೆ ಮೆಡಿಕಲ್ ಸ್ಟೋರಿನಿಂದ ತರಿಸಿದ ಟ್ಯೂಬ್ ಹಂಚಿದರು. ಹಚ್ಚಿದ ಮಾರನೆಯ ದಿನವೇ ಕೆಂಪು ಹೋಗುತ್ತದೆ, ತುರಿಕೆ ನಿಲ್ಲುತ್ತದೆ, ಅದ್ಭುತ ಟ್ಯೂಬ್ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಜೋಡಿ ಎರಡು ಟ್ಯೂಬ್ ಕೇಳಿ ಇಸಿದುಕೊಂಡಳು.

ಎಣ್ಣೆ ಟಾರ್ಪಾಲಿಗೆ ತಾಗಿ ಕಾಲು ಜಾರುತ್ತದೆ ಎಂದು ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ಅದು ನಿಜ, ಜಾರುತ್ತಿತ್ತು. ಆದರೆ ಆ ಮನುಷ್ಯ ನನ್ನನ್ನು ಕೊಳಕಿ ಎಂದ. ದಿನಾ ಸ್ನಾನ ಮಾಡಿ, ಜೂಡೋ ಡ್ರೆಸ್ಸು ದಿನಾ ಒಗೆದು ಬಾಲ್ಕನಿಯಲ್ಲಿ ಒಣಗಿಸುತ್ತಿದ್ದ ನನ್ನನ್ನು. ಮನೆಗೆ ಬಂದು ಬ್ಯಾಗು ಬಿಸಾಕಿದೆ. ಅಮ್ಮ ಎಲ್ಲ ಕೇಳಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದಳು. "ಅವನ ತಲೆಗೇನು ತುಪ್ಪ ಹಚ್ತಾನಂತಾ? ನಡಿ, ಡಾಕ್ಟ್ರಿಗೆ ತೋರ್ಸಣ. ಕೂದಲು ಕತ್ತರಿಸೋದು ಆಮೇಲಿನ ಮಾತು."

ನಮ್ಮ ಸೊಸೈಟಿಯಲ್ಲೇ ಒಬ್ಬ ಚರ್ಮದ ಡಾಕ್ಟರಿದ್ದರು, ಹಾಸನದವರು, ಸೇನೆಯಿಂದ ನಿವೃತ್ತರಾಗಿ ಮನೆಯ ಮುಂದಿನ ಕೋಣೆಯಲ್ಲೇ ಕ್ಲಿನಿಕ್ ನಡೆಸುತ್ತಿದ್ದರು. ನಾವು ಅವರನ್ನು ಅಂಕಲ್ ಎನ್ನುತ್ತಿದ್ದೆವು. ಅವರು ಬ್ಲೇಡಿನ ಮೊಂಡು ಬದಿಯಿಂದ ನನ್ನ ಕುತ್ತಿಗೆಯ ಹೊಟ್ಟನ್ನು ಗಾಜಿನ ಮೇಲೆ ಕೆರೆದುಕೊಂಡು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಆಮೇಲೆ ಜಡೆ ಬಿಚ್ಚಿಸಿ, ತಲೆಯ ಇಂಚಿಂಚೂ ಕೂದಲು ಸರಿಸಿ ನೋಡಿದರು. ಅಲ್ಲೂ ಕೆರೆದರು.

"ನನ್ನ ತಲೇಲಿ ಕೂದಲಿಲ್ಲ, ನಿನ್ನ ತಲೇಲಿ ಫಂಗಸ್ ಇಲ್ಲ. ಇಬ್ಬರೂ ಬಚಾವ್," ಎಂದರು. "ಕುತ್ತಿಗೇಲಿ ಇರೋದು ಮಾತ್ರ ಅದೇ. ಇದು ಎಣ್ಣೆಯಿಂದ ಹುಟ್ಟೋದಲ್ಲಮ್ಮ. ಇನ್ನೊಬ್ಬರ ಮೈಯಿಂದ ಬರುತ್ತೆ, ಇಲ್ಲ ತಲೆಯಿಂದ ಬರುತ್ತೆ. ಜಾಗ ನೋಡಿದ್ರೆ ಯಾರದೋ ತಲೆ ನಿನ್ನ ಕುತ್ತಿಗೆಗೆ ಒತ್ತಿದೆ."

ಸರ್ ಹಂಚಿದ ಟ್ಯೂಬಿನ ಹೆಸರು ಹೇಳಿದೆ. ಅವರ ಮುಖ ಗಂಟಿಕ್ಕಿತು. ಅದರಲ್ಲಿ ಸ್ಟೀರಾಯ್ಡ್ ಇದೆ, ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆಯೇ ಹೊರತು ಫಂಗಸ್ಸನ್ನು ಸಾಯಿಸುವುದಿಲ್ಲ, ಒಳಗೊಳಗೇ ಬೆಳೆಯಲು ಬಿಡುತ್ತದೆ ಎಂದರು. ಬೇರೆ ಮುಲಾಮು ಬರೆದರು. ಗುರುತು ಹೋದ ಮೇಲೂ ಕೆಲವು ವಾರ ಹಚ್ಚಬೇಕು, ನಡುವೆ ಬಿಡಬಾರದು. ಡ್ರೆಸ್ಸು, ಬೆಲ್ಟು ಎರಡನ್ನೂ ಪ್ರತಿ ಸಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಮ್ಯಾಟನ್ನು ದಿನಾ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಒರೆಸಬೇಕು. "ನೀನೊಬ್ಬಳೇ ಔಷಧಿ ಮಾಡಿಕೊಂಡ್ರೆ ಪ್ರಯೋಜನ ಇಲ್ಲ. ಎಲ್ಲರನ್ನೂ ಒಟ್ಟಿಗೆ ನೋಡಬೇಕು, ಒಟ್ಟಿಗೆ ಔಷಧಿ ಕೊಡಬೇಕು. ಇಲ್ದಿದ್ರೆ ಇವತ್ತು ನಿನಗೆ ಹೋಗುತ್ತೆ, ನಾಳೆ ಅವಳಿಂದ ಮತ್ತೆ ಬರುತ್ತೆ. ನಿಮ್ಮಲ್ಲಿ ಬಾಚಣಿಗೆ, ಟವೆಲ್ಲು ಏನಾದ್ರೂ ಹಂಚ್ಕೋತೀರಾ?"

ಡಬ್ಬಿಯ ವಿಷಯ ಹೇಳಿದೆ. ಅಂಕಲ್ ಹಣೆ ಚಚ್ಚಿಕೊಂಡರು. "ಯಾರದ್ದಾದ್ರೂ ಕೂದಲು ಒಂದು ಕಡೆ ಬುಡಕ್ಕೇ ಮುರಿದು, ಕಪ್ಪು ಚುಕ್ಕೆ ಇಟ್ಟ ಹಾಗೆ ಕಾಣುತ್ತಾ, ನೋಡಿದ್ದೀಯಾ?"

ನೋಡಿದ್ದೆ. ನನ್ನನ್ನು ಮಲಗಿಸಿ ಮೇಲೆ ಬಿದ್ದು ಹಿಡಿಯುವಾಗ ನನ್ನ ಜೋಡಿಯ ತಲೆ ನನ್ನ ಬಲಗುತ್ತಿಗೆಗೆ ಒತ್ತುತ್ತಿತ್ತು. ಅವಳ ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ, ಎಳ್ಳು ಚೆಲ್ಲಿದಂಥ ಕಪ್ಪು ಚುಕ್ಕೆಗಳಿದ್ದವು. ಮಣ್ಣಿರಬೇಕು ಎಂದುಕೊಂಡಿದ್ದೆ. ಅಂಕಲ್‌ಗೆ ನಾನು ಹೆಸರು ಹೇಳಲಿಲ್ಲ, ನಾನೇ ವಿಚಾರಿಸುತ್ತೇನೆ ಎಂದೆ.

ಮಾರನೆಯ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳ ಜಡೆ ಸರಿಸಿ ನೋಡಿದೆ. ಅವಳು ನನ್ನ ಕೈ ತಳ್ಳಿದಳು. ತಲೆಹೊಟ್ಟು ಎಂದಳು. ತಲೆಹೊಟ್ಟಿಗೆ ಕೂದಲು ಮುರಿಯುತ್ತದೇನೇ ಎಂದು ಕೇಳಿದೆ. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಮಾತ್ರೆ ತಗೋಬೇಕು, ತಲೆಯ ಫಂಗಸ್ಸಿಗೆ ಬರಿಯ ಮುಲಾಮು ಸಾಲದಂತೆ, ನಡಿ, ನನ್ನ ಜೊತೆಯಲ್ಲೇ ಕರೆದುಕೊಂಡು ಹೋಗ್ತೀನಿ ಎಂದೆ. ಅವಳು ಬಾಗಿಲ ಕಡೆ ನೋಡಿದಳು.

"ಕಿಸೀಕೋ ಬೋಲಿಯೋ ಮತ್, ಯಾರಿಗೂ ಹೇಳಬೇಡ," ಎಂದಳು. "ಸರ್‌ಗೆ ಗೊತ್ತಾದರೆ ಟ್ರಯಲ್ ಹೋಯಿತು. ಟ್ರಯಲ್ ಹೋದರೆ ನನ್ನ ಗತಿ ನಿನಗೆ ಗೊತ್ತು. ಟ್ಯೂಬ್ ಹಚ್ತಿದೀನಿ, ಕಡಿಮೆ ಆಗ್ತಿದೆ."

"ನನ್ನನ್ನು ಎಲ್ಲರ ಮುಂದೆ ಕೊಳಕಿ ಅಂದರಲ್ಲ, ಅದು?"

"ನಿನಗೇನು," ಎಂದಳು. "ನಿನಗೆ ಯಾರೂ ಗಂಡು ನೋಡಿಟ್ಟಿಲ್ಲ."

ನಾನು ಬಾಯಿ ಮುಚ್ಚಿಕೊಂಡೆ. ದಯೆಯಿಂದಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಸಮಯ ಬಂದರೆ ಅವಳೇ ಹೇಳುತ್ತಾಳೆ ಎಂದು ನಂಬಿದ್ದೆ. ನನ್ನ ಚಿತ್ರಾನ್ನ ತಿಂದವಳು, ನನ್ನ ಮಂಡಿ ಉಳುಕಿದಾಗ ಬಸ್‌ಸ್ಟಾಪಿನವರೆಗೆ ಬೆನ್ನ ಮೇಲೆ ಹೊತ್ತವಳು. ನನ್ನ ಮಾನ ಹೋಗುವುದನ್ನು ನೋಡುತ್ತ ನಿಲ್ಲಲಾರಳು ಎಂದುಕೊಂಡಿದ್ದೆ.

ಸರ್ ಹತ್ತಿರ ಹೋಗಿ ಯಾರ ಹೆಸರನ್ನೂ ಎತ್ತದೆ ಡಾಕ್ಟರ್ ಹೇಳಿದ್ದನ್ನು ಒಪ್ಪಿಸಿದೆ. ನನ್ನ ತಲೆಯಲ್ಲಿ ಏನೂ ಇಲ್ಲ, ಎಲ್ಲರ ತಲೆಯನ್ನೂ ನೋಡಿಸಬೇಕು, ಬೆಲ್ಟು ಒಗೆಯಬೇಕು, ಮ್ಯಾಟು ಒರೆಸಬೇಕು, ಈ ಡಬ್ಬಿ ಬಾಚಣಿಗೆ ಬೇಡ ಎಂದೆ. ಬೇಕಿದ್ದರೆ ಡಾಕ್ಟರೇ ಇಲ್ಲಿಗೆ ಬಂದು ಎಲ್ಲರನ್ನೂ ನೋಡುತ್ತಾರೆ ಎಂದೂ ಹೇಳಿದೆ, ಅಂಕಲ್ ಒಪ್ಪಿದ್ದರು. ಸರ್ ನಕ್ಕರು. ನಕ್ಕು ಸುತ್ತ ನೋಡಿದರು, ಎಲ್ಲರೂ ನಗಲಿ ಎಂದು. ಕೆಲವರು ನಕ್ಕರು.

"ಅಚ್ಛಾ. ಈಗ ಮದ್ರಾಸಿ ಡಾಕ್ಟರ್ ಬಂದು ನನಗೆ ಕ್ಲಬ್ ನಡೆಸೋದು ಕಲಿಸ್ತಾನೆ. ನಾನು ಇಷ್ಟು ವರ್ಷ ಈ ಬೆಲ್ಟ್ ಕಟ್ಟಿದೀನಿ, ನನಗೆ ಬಂತಾ? ನೀನು ಮೊದಲು ಆ ಎಣ್ಣೆ ತಲೆ ಬೋಳಿಸಿಕೊಂಡು ಬಾ, ಆಮೇಲೆ ಮಾತಾಡೋಣ."

ನಾನು ನನ್ನ ಜೋಡಿಯ ಕಡೆ ತಿರುಗಿದೆ. ಅವಳು ಬಗ್ಗಿ ಕಾಲುಬೆರಳಿಗೆ ಪ್ಲಾಸ್ಟರ್ ಸುತ್ತುತ್ತಿದ್ದಳು. ಸುತ್ತಿ ಮುಗಿದಿತ್ತು, ಮತ್ತೆ ಬಿಚ್ಚಿ ಸುತ್ತಿದಳು.

ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಡಬ್ಬಿ ಎತ್ತಿಕೊಂಡೆ, ಬಾಚಣಿಗೆಯನ್ನು ದಾರ ಸಮೇತ ಮೊಳೆಯಿಂದ ಕಿತ್ತೆ, ಮೆಟ್ಟಿಲು ಹತ್ತಿ ಹೊರಗೆ ಬಂದು ಕಟ್ಟಡದ ಹಿಂದಿನ ಕೊಳಚೆ ನಾಲೆಗೆ ಎಸೆದೆ. ರಬ್ಬರ್ ಬ್ಯಾಂಡುಗಳು ಆ ಕಪ್ಪು ನೀರಿನ ಮೇಲೆ ತೇಲುತ್ತ ಹೋದವು. ನೋಡಲು ಬಹಳ ಚೆನ್ನಾಗಿತ್ತು. ಕೆಳಗೆ ಬಂದಾಗ ಸರ್ ನನ್ನ ಬ್ಯಾಗನ್ನು ಮೆಟ್ಟಿಲಿನ ಮೇಲೆ ಇಡಿಸಿದ್ದರು. ಟ್ರಯಲ್‌ಗೆ ಹೆಸರು ಕ್ಲಬ್ಬಿನ ಮೂಲಕವೇ ಹೋಗಬೇಕಿತ್ತು. ನನ್ನ ಹೆಸರು ಹೋಗಲಿಲ್ಲ.

"ಸಿಟ್ಟಲ್ಲಿ ಕುಯ್ಕೊಂಡ ಮೂಗು ಆಮೇಲೆ ಬರುತ್ತೇನೇ?" ಎಂದು ಅಮ್ಮ ಕೇಳಿದಳು. ಅಪ್ಪ ಕ್ಷಮೆ ಕೇಳಿ ಬಾ ಎನ್ನುತ್ತಾರೇನೋ ಎಂದು ಹೆದರಿದ್ದೆ. ಅವರು ನನ್ನ ಜೂಡೋ ಡ್ರೆಸ್ಸನ್ನು ತಾವೇ ಬಕೆಟ್ಟಿನಲ್ಲಿ ನೆನೆಸಿ, ಬೆಲ್ಟನ್ನೂ ಅದರ ಜೊತೆಗೇ ಹಾಕಿದರು. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ದುಃಖಕ್ಕಲ್ಲ, ಆ ಬೇಸ್‌ಮೆಂಟಿಗೆ ಬೆಂಕಿ ಇಡಬೇಕೆನ್ನಿಸುವ ಸಿಟ್ಟಿಗೆ.

ಮುಲಾಮನ್ನು ಅಂಕಲ್ ಹೇಳಿದ ಹಾಗೆ ಹಚ್ಚಿದೆ. ಕುತ್ತಿಗೆಯ ಉಂಗುರ ಮಾಸಿ ಕಂದು ಗುರುತಾಯಿತು, ಆಮೇಲೆ ಅದೂ ಹೋಯಿತು. ನನ್ನ ಜೋಡಿ ಟ್ರಯಲ್‌ನಲ್ಲಿ ಗೆದ್ದಳೆಂದು ಗೊತ್ತಾಯಿತು. ಟ್ರಯಲ್‌ನಲ್ಲಿ ಮೈಚರ್ಮ ನೋಡುತ್ತಾರೆ, ಆದರೆ ಜಡೆ ಬಿಚ್ಚಿಸಿ ಯಾರೂ ನೋಡುವುದಿಲ್ಲ. ಮೈಮೇಲಿನದು ಟ್ಯೂಬಿನಲ್ಲಿ ಅಡಗಿಕೊಂಡಿತ್ತು. ನನ್ನ ತೂಕದ ವಿಭಾಗದಲ್ಲಿ, ನಾನಿಲ್ಲದೆ, ಅವಳು ಗೆದ್ದಳು. ಒಳ್ಳೆಯದಾಗಲಿ ಎಂದು ನಾನು ಹಾರೈಸಲಿಲ್ಲ. ಹಾರೈಸಿದೆ ಎಂದು ಇಲ್ಲಿ ಬರೆದರೆ ಅದು ಬರಿಯ ಬೊಗಳೆ.

ಮಳೆಗಾಲ ಶುರುವಾಗಿ, ಸೆಕೆ ಇನ್ನೂ ಹೆಚ್ಚಿದ್ದ ಒಂದು ಮಧ್ಯಾಹ್ನ ಬೆಲ್ ಆಯಿತು. ಅಮ್ಮ ಬಾಗಿಲು ತೆಗೆದಳು. ಅವಳೇ ನಿಂತಿದ್ದಳು, ಆ ಸೆಕೆಯಲ್ಲಿ ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡು. ಒಳಗೆ ಬಂದು ಕೂತು ದುಪಟ್ಟಾ ತೆಗೆದಳು. ಬಲಗಿವಿಯ ಹಿಂದಿನಿಂದ ನೆತ್ತಿಯ ಹತ್ತಿರದವರೆಗೆ ತಲೆ ಮೆತ್ತಗೆ ಊದಿಕೊಂಡು, ಕೂದಲು ಉದುರಿ, ಅಲ್ಲಲ್ಲಿ ಕೀವು ಜಿನುಗುತ್ತಿತ್ತು. ವಾಸನೆ ಬಂತು. ಅಮ್ಮ ಅಯ್ಯೋ ದೇವರೇ ಎಂದು ಕೂತುಬಿಟ್ಟಳು.

"ನಿನ್ನ ಡಾಕ್ಟರ್ ಎಲ್ಲಿ?" ಎಂದು ಅವಳು ನನ್ನನ್ನು ಕೇಳಿದಳು. ಹೇಗಿದೀಯಾ ಎಂದಿಲ್ಲ, ತಪ್ಪಾಯಿತು ಎಂದಿಲ್ಲ.

ಹೋಗು, ನಿನ್ನ ಟ್ಯೂಬಿನವನನ್ನೇ ಕೇಳು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮ ನನ್ನ ಮುಖ ನೋಡಿ ಅಡುಗೆಮನೆಗೆ ಕರೆದಳು.

"ಬೈಯೋದಿದ್ರೆ ಆಮೇಲೆ ಬೈ. ಮೊದ್ಲು ಕರ್ಕೊಂಡು ಹೋಗು. ಹೆಣ್ಣುಹುಡುಗಿ ತಲೆ ಅದು."

ಕರೆದುಕೊಂಡು ಹೋದೆ. ಅಂಕಲ್ ಬಹಳ ಹೊತ್ತು ನೋಡಿದರು, ಮಾತ್ರೆ ಬರೆದರು, ತಿಂಗಳುಗಟ್ಟಲೆ ತಗೋಬೇಕು ಎಂದರು. ನ್ಯಾಷನಲ್ಸ್ ಇನ್ನೂ ದೂರವಿತ್ತು, ಅಷ್ಟರೊಳಗೆ ಸೋಂಕು ಹೋಗುತ್ತದೆ, ಆದರೆ ಈಗ ಕೆಲವು ವಾರ ಮ್ಯಾಟಿಗೆ ಇಳಿಯುವಂತಿಲ್ಲ, ಕ್ಲಬ್ಬಿನವರೆಲ್ಲ ತಲೆ ತೋರಿಸಲೇಬೇಕು ಎಂದರು. ಆಮೇಲೆ ಹಿಂದಿಯಲ್ಲಿ ಅವಳಿಗೆ ಮೆಲ್ಲಗೆ ಹೇಳಿದರು, ನಡುವಿನ ಇಷ್ಟು ಜಾಗದಲ್ಲಿ ಕೂದಲಿನ ಬುಡವೇ ಸತ್ತಿದೆ, ಅಲ್ಲಿ ಮತ್ತೆ ಬರುವುದಿಲ್ಲ. ಅಂಗೈ ಅಗಲದ ಜಾಗ. ಅವಳು ಅಳಲಿಲ್ಲ. ಟೋಪಿ ಹಾಕಿದರೆ ಕಾಣುತ್ತದೆಯೇ ಎಂದು ಕೇಳಿದಳು.

ಹೊರಗೆ ಬಂದ ಮೇಲೆ ನಾನು ಬಾಯಿ ಬಿಟ್ಟೆ. "ಈಗ ಸರ್ ಹತ್ತಿರ ಹೋಗಿ ಹೇಳು. ಎಲ್ಲರೂ ಇರುವಾಗ. ನನ್ನಿಂದ ಬಂದದ್ದಲ್ಲ ಅಂತ ಹೇಳು, ಅಷ್ಟು ಸಾಕು. ನಿನ್ನ ಸೀಟು ನನಗೆ ಬೇಡ."

ಅವಳು ಒಪ್ಪಿ ತಲೆಯಾಡಿಸಿದಳು. ಹೇಗೂ ಗೈರುಹಾಜರಿಗೆ ಕಾರಣ ಕೊಡಲೇಬೇಕಿತ್ತು. ಇಬ್ಬರೂ ಬೇಸ್‌ಮೆಂಟಿಗೆ ಇಳಿದೆವು. ಪ್ರಾಕ್ಟೀಸ್ ನಡೆಯುತ್ತಿತ್ತು. ಮ್ಯಾಟಿನ ಅಂಚಿನಲ್ಲಿ ಹೊಸ ಡಬ್ಬಿ, ಹೊಸ ದಾರದಲ್ಲಿ ಹೊಸ ಬಾಚಣಿಗೆ. ಸರ್ ನಮ್ಮನ್ನು ನೋಡಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ನಿಲ್ಲಿಸಿದರು. ಅವಳು ಡಾಕ್ಟರ್ ಹೇಳಿದ್ದನ್ನು ತೊದಲುತ್ತ ಹೇಳಿದಳು, ಕೆಲವು ವಾರ ಬರುವುದಿಲ್ಲ ಎಂದಳು. ದುಪಟ್ಟಾ ತೆಗಿ ಎಂದರು ಸರ್. ತೆಗೆದಳು. ಹುಡುಗಿಯರು ಹಿಂದೆ ಸರಿದರು. ಈಗ ಗೊತ್ತಾಗುತ್ತದೆ, ಈಗ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಕಾಯುತ್ತ ನಿಂತಿದ್ದೆ.

ಸರ್ ಆ ತಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ದೇಖ್ ಲಿಯಾ?" ಎಂದರು ಎಲ್ಲರಿಗೆ. "ತೇಲ್ ವಾಲಿಯ ಜೊತೆ ಸೇರಿದರೆ ಹೀಗೇ ಆಗೋದು. ನನ್ನ ಚಾಂಪಿಯನ್ ಹುಡುಗಿಯ ತಲೆ ಹಾಳು ಮಾಡಿಟ್ಟಳು. ಇನ್ನೂ ನಾಚಿಕೆಯಿಲ್ಲದೆ ಇಲ್ಲಿಗೆ ಬಂದು ನಿಂತಿದ್ದಾಳೆ."

ನಾನು ಅವಳ ಕಡೆ ತಿರುಗಿ, "ಬೋಲ್," ಎಂದೆ.

ಅವಳು ನೆಲ ನೋಡಿದಳು. "ಬೋಲ್ ನಾ," ಎಂದು ಇನ್ನೊಮ್ಮೆ ಅಂದೆ. ಸರ್ ಅವಳ ಬೆನ್ನು ತಟ್ಟಿ, ಹೋಗು ಬೇಟಾ, ಔಷಧಿ ಮಾಡಿಕೋ, ನಿನ್ನ ಜಾಗ ಎಲ್ಲೂ ಹೋಗಲ್ಲ ಎಂದರು. ನಾನೇ ಕೂಗಿದೆ. ಸುಳ್ಳು, ಇವಳಿಗೆ ಮೊದಲೇ ಇತ್ತು, ಬೇಸಿಗೆಯಲ್ಲೇ ಇತ್ತು, ನನಗೆ ಇವಳಿಂದ ಬಂತು, ಕೇಳಿ ಇವಳನ್ನೇ ಎಂದೆ. ಕೂಗುವವಳ ಮಾತನ್ನು ಯಾರು ನಂಬುತ್ತಾರೆ. ಒಬ್ಬಳಂತೂ ನನ್ನ ಜಡೆ ತನಗೆ ತಾಗದಿರಲೆಂದು ಪಕ್ಕಕ್ಕೆ ಸರಿದು ನಿಂತಳು. ಸರ್ ಚಪ್ಪಾಳೆ ತಟ್ಟಿದರು, ಪ್ರಾಕ್ಟೀಸ್ ಮತ್ತೆ ಶುರುವಾಯಿತು.

ಅವಳು ಗೇಟಿನವರೆಗೆ ನನ್ನ ಹಿಂದೆ ಓಡಿಬಂದಳು. ನಾನು ನಿಲ್ಲಲಿಲ್ಲ. ತೋಳು ಹಿಡಿದು ನಿಲ್ಲಿಸಿದಳು. ಹಿಡಿತ ಯಾವಾಗಲೂ ನನಗಿಂತ ಅವಳದೇ ಗಟ್ಟಿ.

"ನೌಕರಿ ಸಿಗಲಿ," ಎಂದಳು. "ಸಿಕ್ಕ ದಿನ ಎಲ್ಲರ ಮುಂದೆ ಹೇಳ್ತೀನಿ. ನನ್ನಿಂದಲೇ ಬಂದದ್ದು ಅಂತ. ಕಸಮ್ ಸೇ."

ನಾನು ತೋಳು ಬಿಡಿಸಿಕೊಂಡು ಬಂದೆ. ಅವಳು ಅಂಕಲ್ ಹತ್ತಿರ ಪ್ರತಿ ಸಲ ಔಷಧಿಗೆ ಬಂದಳು ಎಂದು ಅಂಕಲ್ಲೇ ಅಮ್ಮನಿಗೆ ಹೇಳಿದ್ದರು. ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನ್ಯಾಷನಲ್ಸ್ ಆಡಿದಳು. ಮದುವೆ ಆಗಲಿಲ್ಲ. ನಾನು ಬೇರೆ ಕ್ಲಬ್ ಹುಡುಕಿದೆ. ಅಲ್ಲಿನ ಕೋಚ್ ಮೊದಲ ದಿನವೇ, ನೀನು ಆ ದ್ವಾರಕಾ ಕ್ಲಬ್ಬಿನವಳಲ್ಲವೇ, ಕೇಳಿದ್ದೇನೆ, ಸದ್ಯಕ್ಕೆ ನಮ್ಮಲ್ಲಿ ಜಾಗವಿಲ್ಲ ಎಂದರು. ಇನ್ನೊಂದು ಕಡೆಯೂ ಅದೇ. ಹಾಗೆ ನನ್ನ ಜೂಡೋ ಮುಗಿಯಿತು. ಯಾರೂ ಬೀಳಿಸಲಿಲ್ಲ, ಯಾರ ಕೈಯಲ್ಲೂ ಸೋಲಲಿಲ್ಲ, ಸುಮ್ಮನೆ ಮುಗಿಯಿತು.

ಓದು ಮುಗಿಸಿ ನಾನು ಕೆಲಸಕ್ಕೆ ಹೋಗತೊಡಗಿದ ಮೇಲೆ, ಒಂದು ಬೆಳಿಗ್ಗೆ ಮೆಟ್ರೋ ಸ್ಟೇಷನ್ನಿನಲ್ಲಿ ಹೆಂಗಸರ ತಪಾಸಣೆಯ ಸಾಲಿನಲ್ಲಿ ನಿಂತಿದ್ದೆ. ಮುಂದಿನವಳು ಹೊರಬಂದಳು, ನಾನು ಪರದೆಯ ಒಳಗೆ ಹೋಗಿ ಕೈ ಅಗಲಿಸಿ ನಿಂತೆ. ಖಾಕಿ ತೊಟ್ಟು, ಟೋಪಿಯನ್ನು ಕಿವಿಯವರೆಗೆ ಇಳಿಸಿಕೊಂಡಿದ್ದವಳು ಅವಳು. ಗುರುತು ಹಿಡಿದಳು. ಹಿಡಿದದ್ದು ನನಗೂ ಗೊತ್ತಾಯಿತು, ಯಾಕೆಂದರೆ ಅವಳ ಕೈ ನನ್ನ ಹೆಗಲಿನ ಮೇಲೆ ಒಂದು ಗಳಿಗೆ ಹಾಗೇ ನಿಂತಿತು. ಆ ಪರದೆಯೊಳಗೆ ನಾವಿಬ್ಬರೇ ಇದ್ದೆವು. ಕೇಳಲು ಸರ್ ಇರಲಿಲ್ಲ, ಅವಳ ಅಪ್ಪ ಇರಲಿಲ್ಲ, ಕಳೆದುಕೊಳ್ಳಲು ಅವಳಿಗೆ ಏನೂ ಇರಲಿಲ್ಲ.

"ನೌಕರಿ ಸಿಕ್ಕಿತಲ್ಲ," ಎಂದೆ ಹಿಂದಿಯಲ್ಲಿ.

"ಹಾಂ ಜೀ," ಎಂದಳು. ತೋಳು, ಸೊಂಟ, ಜೇಬು ಎಲ್ಲ ನಿಧಾನವಾಗಿ ತಡವಿದಳು. ಆಮೇಲೆ ಪರದೆ ಸರಿಸಿ ಹಿಡಿದು, ನನ್ನ ಹಿಂದೆ ನಿಂತಿದ್ದವಳ ಕಡೆ ನೋಡುತ್ತ, ಮುಂದೆ ಹೋಗೆಂದು ನನಗೆ ಕೈ ತೋರಿಸಿ ಹೇಳಿದಳು, "ಆಗೇ ಚಲಿಯೇ, ಮೇಡಂ."